ಬಚ್ಚಲಿನ ಜಾಲರಿ ಎತ್ತೋದು ಯಾರ ಕೆಲಸ?

(1/9)

ಭಾನುವಾರ ಬಂತು, ನಮ್ಮನೆ ಲೆಕ್ಕದ ಪುಸ್ತಕ ಮತ್ತೆ ತೆಗೆದಿದ್ದೀನಿ. ಹೊಸದಾಗಿ ಫಾಲೋ ಮಾಡ್ತಿರೋರಿಗೆ ಒಂದು ಮಾತು: ನಾನು ತುಮಕೂರಿನ ಬಿಕಾಂ ಹುಡುಗಿ, ವಯಸ್ಸು ಇಪ್ಪತ್ತು. ವಾರಕ್ಕೊಂದು ಸಲ ಮನೆಯೊಳಗಿನ ಯಾವುದಾದ್ರೂ ಚಿಕ್ಕ ವಿಷಯ ಹಿಡ್ಕೊಂಡು ಉದ್ದಕ್ಕೆ ಬರೀತೀನಿ. ಒಂದು ಕ್ಯಾಪ್ಶನ್‌ನಲ್ಲಿ ಜಾಗ ಸಾಲಲ್ಲ, ಅದಕ್ಕೇ ಇವತ್ತು ಒಂಬತ್ತು ಪೋಸ್ಟ್. ಎಲ್ಲ ಓದಿ ಅಂತ ಬಲವಂತ ಇಲ್ಲ. ಆದ್ರೆ ಮೂರನೆಯದನ್ನ ಮಾತ್ರ ಬಿಡಬೇಡಿ.

ಊಟ ಮಾಡ್ತಾ ಇದ್ರೆ ಎರಡನೇ ಫೋಟೋಗೆ ಸ್ವೈಪ್ ಮಾಡಬೇಡಿ. ಅದು ನಮ್ಮ ಬಚ್ಚಲಿನ ಜಾಲರಿ ಕೆಳಗಿಂದ ಇವತ್ತು ಬೆಳಿಗ್ಗೆ ನಾನು ತೆಗೆದ ಕೂದಲಿನ ಉಂಡೆ. ನಿಂಬೆಹಣ್ಣಿನಷ್ಟು ದಪ್ಪ ಇದೆ. ಹದಿನೈದು ದಿನದ್ದು.

ಈಗ ನಿಮಗೆ ಒಂದು ಪ್ರಶ್ನೆ. ನಿಮ್ಮನೆ ಬಚ್ಚಲಿನಲ್ಲಿ ನೀರು ಹೋಗೋ ಜಾಗದಲ್ಲಿ ಒಂದು ಜಾಲರಿ ಇದೆಯಲ್ಲ, ಅದನ್ನ ನೀವು ಕೊನೇ ಸಲ ಕೈಯಿಂದ ಎತ್ತಿದ್ದು ಯಾವಾಗ? ಕಾಲಲ್ಲಿ ಕೂದಲು ಪಕ್ಕಕ್ಕೆ ತಳ್ಳಿದ್ದು ಲೆಕ್ಕಕ್ಕಿಲ್ಲ. ಎತ್ತಿ, ಒಳಗೆ ನೋಡಿ, ಕೈ ಹಾಕಿದ್ದು.

ನನ್ನ ಉತ್ತರ, ಹೋದ ವರ್ಷದ ಯುಗಾದಿ ತನಕ, "ಯಾವತ್ತೂ ಇಲ್ಲ" ಅಂತಿತ್ತು. ಹತ್ತೊಂಬತ್ತು ವರ್ಷ ದಿನಾ ಸ್ನಾನ ಮಾಡಿದ್ದೀನಿ, ವಾರಕ್ಕೆರಡು ಸಲ ತಲೆ ತೊಳ್ದಿದ್ದೀನಿ, ಆ ನೀರು ಎಲ್ಲಿಗೆ ಹೋಗುತ್ತೆ, ದಾರೀಲಿ ಏನು ಬಿಟ್ಟು ಹೋಗುತ್ತೆ ಅಂತ ಒಂದು ಸಲಾನೂ ಯೋಚನೆ ಮಾಡಿರಲಿಲ್ಲ.

ಇವತ್ತು ನಾನು ಹೇಳಕ್ಕೆ ಹೊರಟಿರೋದು ಇಷ್ಟೇ. ಬಚ್ಚಲು ಕಟ್ಕೊಂಡ್ರೆ ಮೊದಲು ಕೈ ಹಾಕಬೇಕಾದೋರು ಅದನ್ನ ಕಟ್ಟಿಸಿದೋರು. ಅಂದ್ರೆ ಆ ಮನೇಲಿ ಸ್ನಾನ ಮಾಡೋರು. ಅಮ್ಮ ಒಬ್ಬರೇ ಅಲ್ಲ, ಹೊರಗಿಂದ ಕರೆಸೋ ಯಾರೋ ಒಬ್ಬರೂ ಅಲ್ಲ. ಯಾಕೆ ಅಂತ ಹೇಳ್ತೀನಿ, ಹೇಗೆ ಅಂತಾನೂ ಹೇಳ್ತೀನಿ.

(2/9)

ಯುಗಾದಿ ದಿನ ಎಣ್ಣೆ ನೀರು ಗೊತ್ತಲ್ಲ. ನಮ್ಮನೇಲಿ ಐದು ಜನ: ಅಜ್ಜಿ, ಅಪ್ಪ, ಅಮ್ಮ, ನಾನು, ತಮ್ಮ. ಐದು ಜನದ ತಲೆಗೂ ಹರಳೆಣ್ಣೆ, ಮೈಗೆ ಕಡ್ಲೆಹಿಟ್ಟು, ತಲೆಗೆ ಸೀಗೇಪುಡಿ. ಅಜ್ಜಿ ಮುಂದೆ ಶಾಂಪೂ ಬಾಟಲಿ ತೆಗೆಯೋ ಹಾಗಿಲ್ಲ, ಹಬ್ಬದ ದಿನ.

ಮೊದಲು ಅಪ್ಪಂದು ಆಯ್ತು, ನೀರು ನಿಧಾನಕ್ಕೆ ಹೋಯ್ತು. ತಮ್ಮಂದು ಆಯ್ತು, ಇನ್ನೂ ನಿಧಾನ. ನನ್ನ ಸರದಿ ಬರೋ ಹೊತ್ತಿಗೆ ಬಚ್ಚಲಲ್ಲಿ ಕಾಲಿನ ಗಿಣ್ಣು ಮುಳುಗೋ ಅಷ್ಟು ನೀರು, ಮೇಲೆ ಎಣ್ಣೆ ತೇಲ್ತಿತ್ತು, ಸೀಗೇಪುಡಿಯ ಕಂದು ಬಣ್ಣ. ಹೊಸ್ತಿಲು ದಾಟಿ ಹಜಾರಕ್ಕೆ ಬರೋಕೆ ಇನ್ನೊಂದೇ ಇಂಚು.

ಆಮೇಲೆ ನಮ್ಮನೇಲಿ ನಡೆದಿದ್ದು ನಿಮ್ಮನೇಲೂ ನಡೆದಿರುತ್ತೆ.

ಅಪ್ಪ: "ಇದೆಲ್ಲ ಅವಳ ಕೂದಲು."
ತಮ್ಮ: "ನಂದು ಮಿಲಿಟರಿ ಕಟಿಂಗು, ನಂದೇನಿದೆ ಅದ್ರಲ್ಲಿ?"
ಅಜ್ಜಿ: "ಹಬ್ಬದ ದಿನ ಅದಕ್ಕೆಲ್ಲ ಕೈ ಹಾಕಬೇಡ್ರೋ, ಯಾರನ್ನಾದ್ರೂ ಕರೆಸಿ."
ಅಮ್ಮ ಏನೂ ಹೇಳಲಿಲ್ಲ. ಒಬ್ಬಟ್ಟು ತಟ್ಟುತ್ತಾ ಇದ್ರು, ಕೈ ಬಿಡುವಿರಲಿಲ್ಲ.

ಈ ಜಗಳ ಆ ವರ್ಷವೇ ಯಾಕೆ ಬಂತು, ಹಿಂದಿನ ವರ್ಷಗಳಲ್ಲಿ ಯಾಕೆ ಬರಲಿಲ್ಲ ಅಂತ ನನಗೆ ಆಮೇಲೆ ಗೊತ್ತಾಯ್ತು. ಪ್ರತಿ ಸಲ ಹಬ್ಬಕ್ಕೆ ಎರಡು ದಿನ ಮುಂಚೆ ಅಮ್ಮ ಒಬ್ಬರೇ ಕೂತು ಅದನ್ನ ಕ್ಲೀನ್ ಮಾಡ್ತಿದ್ರಂತೆ. ಆ ಸಲ ಅಮ್ಮಂಗೆ ಸೊಂಟ ಹಿಡ್ಕೊಂಡಿತ್ತು, ಬಗ್ಗೋಕೆ ಆಗಿರಲಿಲ್ಲ. ಅಂದ್ರೆ ಅಷ್ಟು ವರ್ಷ ನಮ್ಮ ಬಚ್ಚಲು "ತಾನಾಗೇ" ಸರಿಯಾಗಿತ್ತು ಅಂತ ನಾವು ನಾಲ್ಕು ಜನ ಅಂದ್ಕೊಂಡಿದ್ವಿ.

ಮೊದಲನೇ ಸೆಮಿಸ್ಟರ್‌ನಲ್ಲೇ ಅಕೌಂಟ್ಸ್ ಮೇಷ್ಟ್ರು ಬಾಯಿಪಾಠ ಮಾಡಿಸಿದ್ದು: ಪಡೆದವರನ್ನ ಡೆಬಿಟ್ ಮಾಡು, ಕೊಟ್ಟವರನ್ನ ಕ್ರೆಡಿಟ್ ಮಾಡು. ನಮ್ಮನೆ ಪುಸ್ತಕದಲ್ಲಿ ಅಮ್ಮನ ಹೆಸರಿನ ಮುಂದೆ ಎಷ್ಟು ಎಂಟ್ರಿ ಬಿಟ್ಟುಹೋಗಿದೆಯೋ, ಲೆಕ್ಕ ಹಾಕೋಕೆ ಹೆದರಿಕೆ ಆಗುತ್ತೆ.

ಆ ರಾತ್ರಿ ಅಪ್ಪ ಅಂಗಡಿಯಿಂದ ಒಂದು ಬಾಟಲಿ ಆಸಿಡ್ ತಂದು, ಅರ್ಧ ಬಾಟಲಿ ಆ ನೀರಿಗೇ ಸುರಿದ್ರು. ಬೆಳಿಗ್ಗೆ ಎದ್ದು ನೋಡಿದ್ರೆ ನೀರು ಸ್ವಲ್ಪ ಇಳಿದಿತ್ತು, ಪೂರ್ತಿ ಹೋಗಿರಲಿಲ್ಲ. ಟೈಲ್ಸ್ ಮಧ್ಯದ ಬಿಳಿ ಸಿಮೆಂಟ್ ಮಾತ್ರ ಅಲ್ಲಲ್ಲಿ ತಿಂದುಹೋಗಿತ್ತು.

(3/9)

ಮಾರನೇ ದಿನ ಹೊಸತೊಡಕು. ನಮ್ಮ ಕಡೆ ಆ ದಿನ ಬಾಡೂಟ, ಯಾರೂ ಕೆಲಸಕ್ಕೆ ಬರಲ್ಲ. ಆದ್ರೂ ಅಪ್ಪ ಯಾರ ಹತ್ರಾನೋ ನಂಬರ್ ಇಸ್ಕೊಂಡು ಫೋನ್ ಮಾಡಿದ್ರು. ಹನ್ನೊಂದು ಗಂಟೆಗೆ ಒಬ್ಬರು ಬಂದ್ರು. ಅಪ್ಪನ ವಯಸ್ಸೇ ಇರಬಹುದು. ಕೈಯಲ್ಲಿ ಒಂದು ಚೀಲ, ಅದ್ರಲ್ಲಿ ಹಳೇ ಸೈಕಲ್ಲಿನ ಬ್ರೇಕ್ ವಯರ್, ಒಂದು ಸ್ಕ್ರೂ ಡ್ರೈವರ್, ರಬ್ಬರ್ ಪಂಪು.

ಅವರು ಬಚ್ಚಲಲ್ಲಿ ಕುಕ್ಕರುಗಾಲಲ್ಲಿ ಕೂತ್ರು. ಜಾಲರಿ ಬಿಚ್ಚಿದ್ರು. ಬರಿಗೈ ಒಳಗೆ ಹಾಕಿದ್ರು.

ನಾನು ಬಾಗಿಲ ಹತ್ರ ಫೋನ್ ಹಿಡ್ಕೊಂಡು ನಿಂತಿದ್ದೆ. ಅಪ್ಪ ರಾತ್ರಿ ಆಸಿಡ್ ಹಾಕಿದ್ದು ನನಗೆ ಗೊತ್ತಿತ್ತು. ಅಪ್ಪಂಗೂ ಗೊತ್ತಿತ್ತು, ಅಜ್ಜಿಗೂ ಗೊತ್ತಿತ್ತು. ಒಬ್ಬರೂ ಹೇಳಲಿಲ್ಲ. ಬೇಕು ಅಂತ ಮುಚ್ಚಿಟ್ಟಿದ್ದಲ್ಲ. ಹೇಳಬೇಕು ಅಂತ ನಮಗೆ ಹೊಳೀಲೇ ಇಲ್ಲ. ಈಗ ಯೋಚಿಸಿದ್ರೆ, ಮುಚ್ಚಿಟ್ಟಿದ್ದಕ್ಕಿಂತ ಅದೇ ಕೆಟ್ಟದು ಅನ್ಸುತ್ತೆ.

ಎರಡು ನಿಮಿಷ ಆದ್ಮೇಲೆ ಅವರು ಕೈ ಹೊರಗೆ ತೆಗೆದು ಮೂಸಿ ನೋಡಿದ್ರು. "ಆಸಿಡ್ ಹಾಕಿದ್ರಾ?" ಅಂದ್ರು. ನಾನು ಹೂಂ ಅಂದೆ. ಅವರು ಬೈಲಿಲ್ಲ. "ಮೊದಲೇ ಹೇಳಿದ್ರೆ ಗ್ಲೌಸ್ ತರ್ತಿದ್ದೆ ಕಣಮ್ಮ" ಅಂದ್ರು. ಅಷ್ಟೇ. ನಲ್ಲಿ ಬಿಟ್ಕೊಂಡು ತುಂಬಾ ಹೊತ್ತು ಕೈ ಹಿಡ್ಕೊಂಡು ಕೂತ್ರು. ಬೆರಳ ಸಂದಿ ಕೆಂಪಾಗಿತ್ತು. ಒಳಗಿಂದ ಅಜ್ಜಿ, "ಅಷ್ಟೊತ್ತಿಂದ ನೀರು ಹೋಗ್ತಾನೇ ಇದೆ" ಅಂದ್ರು.

ಆಮೇಲೆ ಅವರು ಮತ್ತೆ ಕೈ ಹಾಕಿ ತೆಗೆದಿದ್ದು ಏನು ಗೊತ್ತಾ? ಒಂದು ಮೊಳ ಉದ್ದದ ಕೂದಲಿನ ಹಗ್ಗ. ಅದ್ರ ತುದೀಲಿ ನನ್ನ ನೀಲಿ ರಬ್ಬರ್ ಬ್ಯಾಂಡ್. ಪಿಯುಸಿಯಲ್ಲಿ ಕಳ್ಕೊಂಡು ಮನೆಯೆಲ್ಲ ಹುಡುಕಿದ್ದೆ ಅದನ್ನ.

ಅವರು ಮುನ್ನೂರು ಕೇಳಿದ್ರು. ಅಪ್ಪ ಚೌಕಾಸಿ ಮಾಡಿ ಇನ್ನೂರೈವತ್ತು ಕೊಟ್ರು. ಕೈಗೆ ಕೊಡಲಿಲ್ಲ, ಕಟ್ಟೆ ಮೇಲಿಟ್ರು. ಅಮ್ಮ ಕಾಫಿ ಕೊಡೋಕೆ ಹೋದ್ರೆ ಅಜ್ಜಿ ಸ್ಟೀಲ್ ಲೋಟ ವಾಪಸ್ ಇಡಿಸಿ, ಹುಟ್ಟುಹಬ್ಬಕ್ಕೆ ತಂದು ಮಿಕ್ಕಿದ್ದ ಪೇಪರ್ ಲೋಟ ತೆಗೆಸಿದ್ರು. ಯಾಕೆ ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳೋ ಅವಶ್ಯಕತೆ ಇರಲಿಲ್ಲ, ಎಲ್ಲರಿಗೂ ಅರ್ಥ ಆಗಿತ್ತು. ಅವರಿಗೂ.

ಅವತ್ತು ಬಾಡೂಟಕ್ಕೆ ಕೂತಾಗ ನನ್ನ ಕೈ ನೋಡ್ಕೊಂಡೆ. ಕೂದಲು ನನ್ನದು, ಬ್ಯಾಂಡ್ ನನ್ನದು, ಆಸಿಡ್ ನಮ್ಮದು. ಸುಟ್ಟಿದ್ದು ಅವರ ಕೈ.

(4/9)

ಸರಿ, ಈಗ ಆ ಜಾಲರಿ ಕೆಳಗೆ ಏನಿದೆ ಅಂತ ನೋಡೋಣ. ಗೊತ್ತಿಲ್ಲದೆ ಇರೋದ್ರಿಂದಾನೇ ಅರ್ಧ ಹೆದರಿಕೆ, ಅರ್ಧ ಅಸಹ್ಯ.

ಬಚ್ಚಲಿನ ನೆಲದಲ್ಲಿ ಜಾಲರಿ ಕೆಳಗೆ ಒಂದು ಬೋಗುಣಿ ಥರ ಇರುತ್ತೆ. ಪ್ಲಂಬರ್‌ಗಳು ಅದಕ್ಕೆ ನಹಾನಿ ಟ್ರ್ಯಾಪ್ ಅಂತಾರೆ. ಅದ್ರಲ್ಲಿ ಯಾವಾಗ್ಲೂ ಸುಮಾರು ಎರಡು ಇಂಚು ನೀರು ನಿಂತಿರುತ್ತೆ. ಆ ನೀರು ಕೊಳಕು ಅಂತ ಅಂದ್ಕೋಬೇಡಿ, ಅದು ಬೇಕು ಅಂತಾನೇ ನಿಲ್ಲಿಸಿರೋದು. ಚರಂಡಿಯ ವಾಸನೆ, ಜಿರಲೆ ಮೇಲೆ ಬರದ ಹಾಗೆ ತಡೆಯೋ ಮುಚ್ಚಳ ಅದೇ ನೀರು. ಊರಿಗೆ ಹೋಗಿ ತಿಂಗಳು ಬಿಟ್ಟು ಬಂದಾಗ ಬಚ್ಚಲು ಗಬ್ಬು ನಾರುತ್ತಲ್ಲ, ಆ ನೀರು ಒಣಗಿಹೋಗಿರುತ್ತೆ. ಎರಡು ಚೊಂಬು ನೀರು ಹಾಕಿದ್ರೆ ವಾಸನೆ ನಿಲ್ಲುತ್ತೆ.

ಎಷ್ಟೋ ಮನೆಗಳಲ್ಲಿ ಜಾಲರಿ ಕೆಳಗೆ ಬೋರಲು ಹಾಕಿದ ಒಂದು ಚಿಕ್ಕ ಬಟ್ಟಲು ಇರುತ್ತೆ, ಗಂಟೆ ಥರ. ನೀರು ಅದ್ರ ಅಂಚಿನ ಕೆಳಗಿಂದ ನುಗ್ಗಿ ಹೋಗುತ್ತೆ. ಕೂದಲು ಸಿಕ್ಕಿಹಾಕ್ಕೊಳ್ಳೋದು ಅಲ್ಲೇ. ಕೆಲವರು "ಇದ್ರಿಂದಾನೇ ನೀರು ಹೋಗ್ತಿಲ್ಲ" ಅಂತ ಆ ಬಟ್ಟಲನ್ನೇ ಕಿತ್ತು ಬಿಸಾಕ್ತಾರೆ. ಬಿಸಾಕಬೇಡಿ. ನೀರು ಚೆನ್ನಾಗಿ ಹೋಗುತ್ತೆ ನಿಜ, ಆದ್ರೆ ರಾತ್ರಿ ಲೈಟ್ ಹಾಕಿದ್ರೆ ಜಿರಲೆಗಳ ಜಾತ್ರೆ.

ಈಗ ಕಟ್ಕೊಳ್ಳೋದು ಹೇಗೆ? ಮನುಷ್ಯರಿಗೆ ದಿನಕ್ಕೆ 50ರಿಂದ 100 ಕೂದಲು ಉದುರೋದು ಸಾಮಾನ್ಯ. ಕಡಿಮೇನೇ ಹಿಡಿಯೋಣ, 50. ಐದು ಜನಕ್ಕೆ ದಿನಕ್ಕೆ 250, ತಿಂಗಳಿಗೆ 7,500. ಅದ್ರಲ್ಲಿ ಕಾಲು ಭಾಗ ಬಚ್ಚಲಲ್ಲಿ ಉದುರುತ್ತೆ ಅಂದ್ಕೊಂಡ್ರೂ ತಿಂಗಳಿಗೆ 1,875. ತಮ್ಮಾ, ಇದನ್ನ ಓದ್ತಿದ್ರೆ ಕೇಳು, ಮಿಲಿಟರಿ ಕಟಿಂಗ್ ಮಾಡಿಸ್ಕೊಂಡೋರ ಕೂದಲೂ ಉದುರುತ್ತೆ. ಉದ್ದ ಕಡಿಮೆ, ಸಂಖ್ಯೆ ಅಷ್ಟೇ.

ಬರೀ ಕೂದಲಾಗಿದ್ರೆ ಸ್ವಲ್ಪ ಹೋಗಿಬಿಡ್ತಿತ್ತೇನೋ. ನಮ್ಮದು ಬೋರ್ ನೀರು, ಗಡಸು ನೀರು. ಅದ್ರಲ್ಲಿರೋ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಮೊಸರು ಒಡೆದ ಹಾಗೆ ಬಿಳಿ ಗಷ್ಟು ಆಗುತ್ತೆ. ಬಕೆಟ್ ಒಳಗಡೆ ಅಂಟ್ಕೊಂಡಿರೋ ಬಿಳಿ ಪದರ ನೋಡಿರ್ತೀರಲ್ಲ, ಅದೇ. ಕೂದಲು ಬಲೆ ಹೆಣೆಯುತ್ತೆ, ಈ ಗಷ್ಟು, ಎಣ್ಣೆ ಜಿಡ್ಡು, ಕಡ್ಲೆಹಿಟ್ಟು ಬಂದು ಅದ್ರಲ್ಲಿ ಕೂರುತ್ತೆ. ಕಟ್ಕೊಳ್ಳೋದು ಹಬ್ಬದ ದಿನ ಗೊತ್ತಾಗುತ್ತೆ, ಆದ್ರೆ ಅದು ಶುರುವಾಗಿರೋದು ತಿಂಗಳುಗಳ ಹಿಂದೆ.

(5/9)

ಮಾಡೋದು ಹೇಗೆ. ಈ ಪೋಸ್ಟ್ ಸೇವ್ ಮಾಡಿಟ್ಕೊಳ್ಳಿ.

ಬೇಕಾಗಿರೋದು: ರಬ್ಬರ್ ಗ್ಲೌಸ್ ಒಂದು ಜೊತೆ, ಸ್ಕ್ರೂ ಡ್ರೈವರ್, ಹಳೇ ಟೂತ್‌ಬ್ರಷ್, ಹಳೇ ನ್ಯೂಸ್‌ಪೇಪರ್, ಮತ್ತೆ ತುದಿ ಬಗ್ಗಿಸಿದ ಒಂದು ತಂತಿ. ಬಟ್ಟೆ ಹಾಕೋ ಹ್ಯಾಂಗರ್ ಬಿಚ್ಚಿದ್ರೂ ಆಗುತ್ತೆ, ಸೈಕಲ್ಲಿನ ಬ್ರೇಕ್ ವಯರ್ ಇನ್ನೂ ಒಳ್ಳೇದು, ಅದು ಬಳುಕುತ್ತೆ. ಮುಖ್ಯವಾಗಿ, ಮೊದಲೇ ಯಾರಾದ್ರೂ ಆಸಿಡ್ ಅಥವಾ ಪೌಡರ್ ಹಾಕಿದ್ದಾರಾ ಅಂತ ಮನೇಲಿ ಕೇಳಿ. ಹಾಕಿದ್ರೆ ಕೈ ಹಾಕಬೇಡಿ.

1. ನಿಂತ ನೀರನ್ನ ಮಗ್‌ನಲ್ಲಿ ಎತ್ತಿ ಬಕೆಟ್‌ಗೆ ಹಾಕಿ.

2. ಜಾಲರಿ ತೆಗೀರಿ. ಕೆಲವಕ್ಕೆ ಸ್ಕ್ರೂ ಇರುತ್ತೆ, ಕೆಲವು ತಿರುಗಿಸಿ ಎತ್ತೋದು. ಬರದೇ ಇದ್ರೆ ಸುತ್ತ ಸೋಪಿನ ಗಷ್ಟು ಕಟ್ಟಿರುತ್ತೆ, ಬಿಸಿನೀರು ಹಾಕಿ ಐದು ನಿಮಿಷ ಬಿಡಿ.

3. ಬೋರಲು ಬಟ್ಟಲು ಇದ್ರೆ ಎತ್ತಿ. ಕೂದಲನ್ನ ಮೇಲಕ್ಕೆ ಎಳೀರಿ, ಒಳಗೆ ತಳ್ಳಬೇಡಿ. ತಳ್ಳಿದ್ರೆ ನಿಮ್ಮ ಕಣ್ಣಿಂದ ಮರೆಯಾಗುತ್ತೆ ಅಷ್ಟೇ, ಮುಂದಿನ ತಿರುವಿನಲ್ಲಿ ಹೋಗಿ ಕೂರುತ್ತೆ. ಅಲ್ಲಿಂದ ತೆಗೆಯೋಕೆ ನಿಮ್ಮ ಕೈ ಸಾಲಲ್ಲ.

4. ತೆಗೆದಿದ್ದನ್ನ ನ್ಯೂಸ್‌ಪೇಪರ್‌ನಲ್ಲಿ ಸುತ್ತಿ ಕಸದ ಡಬ್ಬಿಗೆ ಹಾಕಿ. ಕಮೋಡಿಗೆ ಹಾಕಿ ಫ್ಲಶ್ ಮಾಡಬೇಡಿ, ಮುಂದಿನ ಪೈಪಲ್ಲೂ ಅದೇ ಕಥೆ ಆಗುತ್ತೆ.

5. ಬಟ್ಟಲು, ಬೋಗುಣಿ ಎರಡನ್ನೂ ಬ್ರಷ್ ಹಾಕಿ ಉಜ್ಜಿ. ಆಮೇಲೆ ಒಂದು ಬಕೆಟ್ ಬಿಸಿನೀರು ಒಂದೇ ಸಲ ಸುರೀರಿ. ಕೈ ತಡ್ಕೊಳ್ಳೋ ಅಷ್ಟು ಬಿಸಿ ಸಾಕು. ಕುದಿಯೋ ನೀರು ಬೇಡ, ಪಿವಿಸಿ ಪೈಪು ಮೆತ್ತಗಾಗುತ್ತೆ.

6. ಇಷ್ಟಾದ್ರೂ ನೀರು ಹೋಗ್ತಿಲ್ಲ ಅಂದ್ರೆ ರಬ್ಬರ್ ಪಂಪು. ಪಂಪಿನ ಬಾಯಿ ಮುಳುಗೋ ಅಷ್ಟು ನೀರು ಇರಬೇಕು. ವಾಶ್‌ಬೇಸಿನ್ ಪೈಪು ಇದೇ ಟ್ರ್ಯಾಪ್‌ಗೆ ಬಂದು ಸೇರಿದ್ರೆ ಅದ್ರ ಬಾಯಿಗೆ ಒದ್ದೆ ಬಟ್ಟೆ ತುರುಕಿ, ಇಲ್ಲಾಂದ್ರೆ ಗಾಳಿ ಅಲ್ಲಿಂದ ಹೋಗಿ ನಿಮ್ಮ ಒತ್ತಡ ದಂಡ.

ಫ್ಲ್ಯಾಟಲ್ಲಿ ಬಾತ್‌ಟಬ್ ಇಟ್ಕೊಂಡಿರೋ ಪುಣ್ಯವಂತರಿಗೂ ಲೆಕ್ಕ ಇದೇ. ಕೂದಲು ಸಿಕ್ಕಿರೋದು ಮುಚ್ಚಳದ ಕೆಳಗೇ. ಪಂಪು ಹಾಕೋ ಮುಂಚೆ ಟಬ್ಬಿನ ಮೇಲ್ಗಡೆ, ನೀರು ತುಂಬಿ ಹೊರಗೆ ಚೆಲ್ಲದಿರಲಿ ಅಂತ ಇರೋ ತೂತಿಗೆ ಒದ್ದೆ ಬಟ್ಟೆ ಒತ್ತಿ ಹಿಡೀರಿ.

ಮೊದಲನೇ ಸಲ ನನಗೆ ನಲವತ್ತು ನಿಮಿಷ ಹಿಡೀತು. ಮೂರು ಸಲ ಓಕರಿಕೆ ಬಂತು, ಸುಳ್ಳು ಹೇಳಲ್ಲ. ಈಗ ಹತ್ತು ನಿಮಿಷ.

(6/9)

ಮಾಡಬಾರದ್ದು. ಇದು ರೀಲ್ಸ್ ನೋಡಿ ಕಲಿಯೋರಿಗೆ.

ಅಡುಗೆ ಸೋಡಾ ಹಾಕಿ ವಿನೆಗರ್ ಸುರಿದು ಬುಸ್ ಅಂತ ನೊರೆ ಬರೋ ವಿಡಿಯೋ ನೀವೂ ನೋಡಿರ್ತೀರ. ನಾನೂ ಮಾಡಿ ನೋಡಿದ್ದೀನಿ. ನೊರೆ ಬರೋದು ನಿಜ. ಆದ್ರೆ ಒಂದು ಕ್ಷಾರ, ಒಂದು ಆಮ್ಲ, ಎರಡೂ ಸೇರಿದ್ರೆ ಒಂದನ್ನೊಂದು ಕೊಂದ್ಕೊಳ್ಳುತ್ತೆ. ಕೊನೆಗೆ ಉಳಿಯೋದು ಬಹುಪಾಲು ನೀರು ಮತ್ತೆ ಒಂದು ಥರ ಉಪ್ಪು. ಕೂದಲು ಇದ್ದ ಹಾಗೇ ಇರುತ್ತೆ. ಸ್ವಲ್ಪ ವಾಸನೆ ಹೋಗಬಹುದು, ತೆಳು ಜಿಡ್ಡು ಸಡಿಲ ಆಗಬಹುದು, ಅಷ್ಟೇ.

ಆಸಿಡ್ ಕಥೆ ನಮ್ಮನೇದೇ ಕೇಳಿದ್ರಿ. ಅಂಗಡೀಲಿ ಟಾಯ್ಲೆಟ್‌ಗೆ ಅಂತ ಕೊಡೋ ಆಸಿಡ್‌ನಲ್ಲಿ ಸಾಮಾನ್ಯವಾಗಿ ಇರೋದು ಹೈಡ್ರೋಕ್ಲೋರಿಕ್ ಆಮ್ಲ. ಅದು ಸಿಮೆಂಟ್ ತಿನ್ನುತ್ತೆ, ಮಾರ್ಬಲ್ ತಿನ್ನುತ್ತೆ, ಲೋಹದ ಜಾಲರಿ ತಿನ್ನುತ್ತೆ. ಕೂದಲಿನ ಉಂಡೆ ಮಾತ್ರ ಅಲ್ಲೇ ಕೂತಿರುತ್ತೆ.

ಕೂದಲು ಕರಗಿಸೋದು ಕಾಸ್ಟಿಕ್ ಸೋಡಾ, ಪ್ಯಾಕೆಟ್‌ನಲ್ಲಿ ಬರೋ ಎಷ್ಟೋ ಡ್ರೇನ್ ಪೌಡರ್‌ಗಳಲ್ಲಿ ಇರೋದು ಅದೇ. ಕೂದಲು ಕರಗಿಸುತ್ತೆ ಅಂದ್ರೆ ಚರ್ಮಾನೂ ಬಿಡಲ್ಲ ಅಂತ ಅರ್ಥ. ನೀರು ತಾಗಿದ ತಕ್ಷಣ ಕಾಯುತ್ತೆ, ಎರಚುತ್ತೆ. ಕಣ್ಣಿಗೆ ಬಿದ್ರೆ ದೃಷ್ಟಿಗೇ ಅಪಾಯ. ಹಾಕಲೇಬೇಕು ಅಂದ್ರೆ ಪ್ಯಾಕೆಟ್ ಮೇಲೆ ಬರೆದಿರೋ ಅಷ್ಟೇ ಹಾಕಿ, ಗ್ಲೌಸ್, ಕನ್ನಡಕ ಹಾಕ್ಕೊಂಡು, ಮಕ್ಕಳನ್ನ ದೂರ ಇಟ್ಟು.

ಎಲ್ಲಕ್ಕಿಂತ ದೊಡ್ಡ ಅಪಾಯ: ಒಂದು ಕೆಲಸ ಮಾಡಲಿಲ್ಲ ಅಂತ ಅದ್ರ ಮೇಲೆ ಇನ್ನೊಂದು ಸುರಿಯೋದು. ಆಸಿಡ್ ಮೇಲೆ ಬ್ಲೀಚ್ ಬಿದ್ರೆ ಕ್ಲೋರಿನ್ ಅನಿಲ ಬರುತ್ತೆ. ಕಿಟಕಿ ಇಲ್ಲದ ಪುಟ್ಟ ಬಚ್ಚಲಲ್ಲಿ ಅದು ತಮಾಷೆಯಲ್ಲ, ಉಸಿರು ಕಟ್ಟುತ್ತೆ. ಕಾಸ್ಟಿಕ್ ಮೇಲೆ ಆಸಿಡ್ ಬಿದ್ರೆ ಕುದ್ದು ಮುಖಕ್ಕೆ ಸಿಡಿಯುತ್ತೆ.

ಇದ್ರಲ್ಲಿ ಇನ್ನೊಂದು ವಿಷಯ ಇದೆ. ನಾವು ಸುರಿದು, ಬಾಗಿಲು ಹಾಕ್ಕೊಂಡು, ಹಾಸಿಗೆಗೆ ಹೋಗ್ತೀವಿ. ಮಾರನೇ ದಿನ ಅದ್ರಲ್ಲಿ ಕೈ ಹಾಕೋದು ಬೇರೆಯವರು. ಬಾಟಲಿ ಹಿಂದೆ ಬರೆದಿರೋ ಎಚ್ಚರಿಕೆ ಓದೋ ಅವಕಾಶ ಅವರಿಗೆ ಸಿಗಲ್ಲ. ಅದನ್ನ ನಾವೇ ಬಾಯಿಬಿಟ್ಟು ಹೇಳಬೇಕು. ಪ್ಲಂಬರ್‌ನ ಕರೆಸಿದಾಗ ಮೊದಲ ಮಾತು "ಎಷ್ಟಾಗುತ್ತೆ?" ಅಂತ ಇರಬಾರದು, "ಇದಕ್ಕೆ ಇಂಥದ್ದು ಹಾಕಿದ್ದೀವಿ ಅಣ್ಣ, ನೋಡ್ಕೊಳ್ಳಿ" ಅಂತ ಇರಬೇಕು.

(7/9)

ಒಂದು ಬಚ್ಚಲಿಗೆ ಇಷ್ಟೊಂದು ಮಾತಾ ಅಂತ ನಿಮಗೆ ಅನ್ನಿಸ್ತಿರಬಹುದು. ಆ ಪೇಪರ್ ಲೋಟ ನೋಡದೇ ಇದ್ರೆ ನನಗೂ ಹಾಗೇ ಅನ್ನಿಸ್ತಿತ್ತು.

ಸ್ಪಷ್ಟವಾಗಿ ಹೇಳ್ಬಿಡ್ತೀನಿ, ಮನೆ ಬಚ್ಚಲಿನ ಕೂದಲು ತೆಗೆಯೋದೂ ಮಲಗುಂಡಿಗೆ ಇಳಿಯೋದೂ ಒಂದೇ ಅಲ್ಲ. ಆದ್ರೆ "ಅದಕ್ಕೆಲ್ಲ ಒಬ್ರು ಇರ್ತಾರೆ" ಅನ್ನೋ ಮಾತು ಎರಡು ಕಡೇನೂ ಒಂದೇ.

ಕೆಜಿಎಫ್ ಅಂದ್ರೆ ನಮ್ಮ ಕ್ಲಾಸಲ್ಲಿ ಎಲ್ಲರಿಗೂ ಸಿನಿಮಾ. ಅದೇ ಕೋಲಾರದ ಚಿನ್ನದ ಗಣಿ ಊರಲ್ಲಿ ಹುಟ್ಟಿದೋರು ಬೆಜವಾಡ ವಿಲ್ಸನ್. ಅವರ ಮನೆಯವರೇ ಆ ಊರಿನ ಕಕ್ಕಸುಗಳಿಂದ ಮಲ ಎತ್ತೋ ಕೆಲಸದಲ್ಲಿದ್ದೋರು. ಅದನ್ನ ನಿಲ್ಲಿಸೋಕೆ ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿದ್ರು, 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅದಕ್ಕೂ ತುಂಬಾ ಮುಂಚೆ, 1970ರ ದಶಕದಲ್ಲಿ, ದೇವರಾಜ ಅರಸು ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪ ಅವರು ನಮ್ಮ ರಾಜ್ಯದಲ್ಲಿ ತಲೆ ಮೇಲೆ ಮಲ ಹೊರೋದನ್ನ ನಿಷೇಧಿಸಿದ್ರು. ನಿಷೇಧ ಆದ ಮೇಲೂ ಮುಗೀಲಿಲ್ಲ. 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಲ್ಲಿ ಭಂಗಿ ಸಮುದಾಯದವರು ತಮ್ಮನ್ನ ಮನೆಗಳಿಂದ ಎಬ್ಬಿಸೋದನ್ನ ವಿರೋಧಿಸಿ, ಪುರಸಭೆ ಮುಂದೆ ಮೈಮೇಲೆ ಮಲ ಸುರ್ಕೊಂಡು ಪ್ರತಿಭಟನೆ ಮಾಡಿದ್ರು. ಇದು ಯಾವುದೋ ಕಾಲದ ಕಥೆಯಲ್ಲ, ಆಗ ನಾನು ಹುಟ್ಟಿದ್ದೆ.

ಕಾನೂನು ಇದೆ. 2013ರ ಕಾಯ್ದೆ ಪ್ರಕಾರ ಸುರಕ್ಷಾ ಸಾಧನ ಇಲ್ಲದೆ ಯಾರನ್ನೂ ಒಳಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಇಳಿಸೋ ಹಾಗಿಲ್ಲ. ಇದು ಬರೀ ನಗರಸಭೆಗೆ ಅಂದ್ಕೋಬೇಡಿ, ಮನೆ ಮಾಲೀಕರಿಗೂ ಅನ್ವಯ. ಮೊದಲ ತಪ್ಪಿಗೇ ಎರಡು ವರ್ಷದ ತನಕ ಜೈಲು, ಎರಡು ಲಕ್ಷದ ತನಕ ದಂಡ, ಅಥವಾ ಎರಡೂ. ಚರಂಡೀಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ಪರಿಹಾರ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳ್ತು, 2023ರಲ್ಲಿ ಅದನ್ನ 30 ಲಕ್ಷಕ್ಕೆ ಏರಿಸ್ತು. ಪರಿಹಾರದ ಮೊತ್ತ ಏರಿಸಬೇಕಾಗಿ ಬಂತು ಅಂದ್ರೆ ಜನ ಇನ್ನೂ ಸಾಯ್ತಾನೇ ಇದ್ದಾರೆ ಅಂತ ತಾನೇ?

ಸೆಪ್ಟೆಂಬರ್ 23ಕ್ಕೆ ಪೌರಕಾರ್ಮಿಕರ ದಿನ ಅಂತ ನಾವೆಲ್ಲ ಕೈ ಮುಗಿಯೋ ಸ್ಟೇಟಸ್ ಹಾಕ್ತೀವಿ. ನಾನೂ ಹಾಕಿದ್ದೆ. ಅದೇ ನಾನು, ಕೈ ಸುಡ್ತಿರೋ ಮನುಷ್ಯನ ಎದುರು ಫೋನ್ ಹಿಡ್ಕೊಂಡು ನಿಂತಿದ್ದೆ.

(8/9)

ಈ ಮಾತು ಹೇಳಿದಾಗ ಬರೋ ಪ್ರಶ್ನೆಗಳು ಗೊತ್ತು. ಕಾಲೇಜಲ್ಲಿ ಫ್ರೆಂಡ್ಸ್ ಹತ್ರ ಹೇಳಿದಾಗಲೇ ಬಂದಿವೆ.

"ನೀನೇ ಮಾಡ್ಕೊಂಡ್ರೆ ಅವರ ಹೊಟ್ಟೆ ಮೇಲೆ ಹೊಡೆದ ಹಾಗಾಗಲ್ವಾ?"

ಇದು ಒಳ್ಳೇ ಪ್ರಶ್ನೆ, ಇದಕ್ಕೆ ನಾನು ತುಂಬಾ ದಿನ ಯೋಚಿಸಿದ್ದೀನಿ. ಪೈಪ್ ಒಳಗೆ ಮುರಿದಿದ್ರೆ, ಕಾಂಪೌಂಡ್‌ನ ಚೇಂಬರ್ ತುಂಬಿದ್ರೆ, ಅದು ಪ್ಲಂಬರ್ ಕೆಲಸ. ಅದಕ್ಕೆ ವಿದ್ಯೆ ಬೇಕು, ಮೆಷಿನ್ ಬೇಕು. ಕರೆಸಿ, ಕೇಳಿದಷ್ಟು ದುಡ್ಡು ಕೊಡಿ. ಆದ್ರೆ ಜಾಲರಿ ಎತ್ತಿ ಕೂದಲು ತೆಗೆಯೋದು ಅಂಥ ಕೆಲಸ ಅಲ್ಲ. ಅದು ಊಟ ಆದ್ಮೇಲೆ ತಟ್ಟೆ ತೊಳೆದ ಹಾಗೆ. ಅದಕ್ಕೆ ಇನ್ನೊಬ್ಬರನ್ನ ಕರೀತಿರೋದು ಅವರಿಗೆ ಗೊತ್ತಿರೋ ವಿದ್ಯೆಗಲ್ಲ, ನಮ್ಮ ಅಸಹ್ಯಕ್ಕೆ. ಅದಕ್ಕೇ ಚೌಕಾಸಿ ಮಾಡ್ತೀವಿ, ಅದಕ್ಕೇ ದುಡ್ಡು ಕಟ್ಟೆ ಮೇಲಿಡ್ತೀವಿ. ಎಸಿ ರಿಪೇರಿಗೆ ಬಂದೋರಿಗೆ ಹಾಗೆ ಮಾಡ್ತೀವಾ? ಅವರಿಗೆ ಕುರ್ಚಿ ಹಾಕಿ, ಸ್ಟೀಲ್ ಲೋಟದಲ್ಲೇ ಕಾಫಿ ಕೊಡ್ತೀವಿ.

ನಾನು ಒಂದು ಸಲ ಕೈ ಹಾಕಿದ್ಮೇಲೆ ನನಗೆ ಆ ಕೆಲಸದ ಬೆಲೆ ಗೊತ್ತಾಯ್ತು. ಮುನ್ನೂರು ಅಂದಾಗ ಚೌಕಾಸಿ ಮಾಡೋ ಬಾಯಿ ಈಗ ನನಗಿಲ್ಲ.

"ಹುಡುಗೀರ ಉದ್ದ ಕೂದಲಿಂದ ಆಗೋದು, ಅವರೇ ಮಾಡ್ಲಿ."

ಹಾಗಾದ್ರೆ ಸಾಂಬಾರು ಅನ್ನ ತಿಂದೋರು ಅಷ್ಟು ಪಾತ್ರೆ ತೊಳೀಲಿ, ಪಾಲು ಹಾಕೋಣ ಬನ್ನಿ. ಆಗ ಯಾರು ಸೋಲ್ತಾರೆ ನೋಡೋಣ.

"ನಾನು ಪಿಜಿಯಲ್ಲಿರೋದು, ಬಾಡಿಗೆ ಕೊಡ್ತೀನಿ, ನಾನ್ಯಾಕೆ ಮಾಡಲಿ?"

ಪೈಪು ಸರಿ ಇಟ್ಕೊಳ್ಳೋದು ಮಾಲೀಕರ ಜವಾಬ್ದಾರಿ, ಕೇಳಿ, ಜಗಳಾನೂ ಆಡಿ. ಆದ್ರೆ ಸ್ನಾನ ಮುಗಿಸಿ ಹೊರಗೆ ಬರೋ ಮುಂಚೆ ಜಾಲರಿ ಮೇಲಿರೋ ನಿಮ್ಮ ಕೂದಲನ್ನ ಎತ್ತಿ ಡಬ್ಬಿಗೆ ಹಾಕೋಕೆ ಹತ್ತು ಸೆಕೆಂಡು ಸಾಕು. ಆಮೇಲೆ ಬರೋ ನಿಮ್ಮ ರೂಮ್‌ಮೇಟ್ ನಿಮಗೆ ಋಣಿ.

"ನಂಗೆ ಅಸಹ್ಯ ಆಗುತ್ತೆ."

ನನಗೂ ಆಗುತ್ತೆ. ಇವತ್ತೂ ಆಯ್ತು. ಆದ್ರೆ ಅದೇ ಕೆಲಸ ಮಾಡೋ ಬೇರೆಯವರಿಗೂ ಅಸಹ್ಯ ಆಗುತ್ತೆ ಅಂತ ನಾವು ಯಾವತ್ತಾದ್ರೂ ಅಂದ್ಕೊಂಡಿದ್ದೀವಾ? ಅಮ್ಮನ್ನ ಕೇಳಿದೆ, "ನಿಂಗೆ ಹೇಗೂ ಅನ್ನಿಸ್ತಿರಲಿಲ್ವಾ ಅಮ್ಮ?" ಅಂತ. "ಅನ್ನಿಸ್ತಿತ್ತು. ಯಾರು ಕೇಳಿದ್ರು?" ಅಂದ್ರು.

(9/9)

ಈಗ ನಮ್ಮನೇಲಿ ಏನು ಬದಲಾಗಿದೆ, ಏನು ಆಗಿಲ್ಲ, ಎರಡನ್ನೂ ಹೇಳ್ತೀನಿ. ಬರೀ ಲಾಭದ ಲೆಕ್ಕ ತೋರಿಸಿದ್ರೆ ಅದು ಮೋಸ.

ಬದಲಾಗಿದ್ದು: ಜಾಲರಿ ಮೇಲೆ ಒಂದು ಸಣ್ಣ ಕಣ್ಣಿನ ಬಲೆ ತಂದು ಹಾಕಿದ್ದೀವಿ, ನಲವತ್ತು ರೂಪಾಯಿ. ಅರ್ಧಕ್ಕರ್ಧ ಕೂದಲು ಅಲ್ಲೇ ನಿಲ್ಲುತ್ತೆ. ತಲೆ ತೊಳೆಯೋ ಮುಂಚೆ ಒಣ ಕೂದಲನ್ನ ಚೆನ್ನಾಗಿ ಬಾಚ್ಕೋತೀನಿ, ಉದುರೋದು ಬಾಚಣಿಗೇಲೇ ಬರುತ್ತೆ. ಹದಿನೈದು ದಿನಕ್ಕೊಂದು ಭಾನುವಾರ ಜಾಲರಿ ಎತ್ತೋದು, ಒಂದು ಸರದಿ ನಂದು, ಒಂದು ತಮ್ಮಂದು. ಅವನು ಮೊದಲ ಸಲ ಮೂಗಿಗೆ ಕರ್ಚೀಫ್ ಕಟ್ಕೊಂಡು, ಮೊಬೈಲಲ್ಲಿ ಹಾಡು ಜೋರಾಗಿ ಹಾಕ್ಕೊಂಡು ಮಾಡ್ದ. ತೆಗೆದ ಉಂಡೇಲಿ ಅವನ ಚಿಕ್ಕ ಕೂದಲೂ ಬೇಕಾದಷ್ಟಿತ್ತು. ಏನೂ ಮಾತಾಡಲಿಲ್ಲ.

ಅಪ್ಪ ಇನ್ನೂ ಕೈ ಹಾಕಿಲ್ಲ. ಆದ್ರೆ ಆಸಿಡ್ ತರೋದು ಬಿಟ್ಟಿದ್ದಾರೆ. ಹೋದ ತಿಂಗಳು ನನಗೆ ಪರೀಕ್ಷೆ ಇದ್ದಾಗ ಒಂದು ಜೊತೆ ಹೊಸ ಗ್ಲೌಸ್ ತಂದು ಬಚ್ಚಲ ಕಿಟಕಿ ಮೇಲಿಟ್ಟಿದ್ರು. ಅದನ್ನ ಅವರ ಖಾತೆಗೆ ಜಮಾ ಮಾಡ್ಕೊಂಡಿದ್ದೀನಿ.

ಬದಲಾಗದೇ ಇರೋದು: ಅಜ್ಜಿ. ಈ ಸಲದ ಯುಗಾದಿ ಹೊತ್ತಿಗೆ ಹೊರಗಿನ ಚೇಂಬರ್ ತುಂಬ್ಕೊಂಡಿತ್ತು, ಅದು ನಮ್ಮ ಕೈಲಾಗೋ ಕೆಲಸ ಅಲ್ಲ. ಅದೇ ಅಣ್ಣನಿಗೆ ಹಬ್ಬಕ್ಕೆ ವಾರ ಮುಂಚೇನೇ ಫೋನ್ ಮಾಡಿದೆ, ಹೊಸತೊಡಕಿನ ದಿನ ಕರೆಸಬಾರದು ಅಂತ. ಏನೂ ಸುರಿದಿಲ್ಲ ಅಂತ ಮೊದಲೇ ಹೇಳಿದೆ. ಕೇಳಿದಷ್ಟು ದುಡ್ಡು ಕೈಗೇ ಕೊಟ್ಟೆ. ಅಮ್ಮ ಸ್ಟೀಲ್ ಲೋಟದಲ್ಲಿ ಕಾಫಿ ತಂದ್ರು. ಅಜ್ಜಿ ಎದ್ದು ಒಳಗೆ ಹೋದ್ರು, ಆ ಲೋಟ ಇವತ್ತಿಗೂ ಅವರು ಮುಟ್ಟಲ್ಲ. ಅಜ್ಜಿ ಅಂದ್ರೆ ನನಗೆ ಪ್ರಾಣ, ಅವರ ಹತ್ರ ಇದ್ರ ಬಗ್ಗೆ ಜಗಳಾನೂ ಆಡಿದ್ದೀನಿ. ಇನ್ನೂ ಗೆದ್ದಿಲ್ಲ. ಆ ಲೋಟದಲ್ಲಿ ಈಗ ದಿನಾ ನಾನೇ ಕಾಫಿ ಕುಡಿಯೋದು.

ಅವತ್ತು ಅವರ ಹತ್ರ ಹೋದ ವರ್ಷದ್ದಕ್ಕೆ ತಪ್ಪಾಯ್ತು ಅಂದೆ. ಅವರಿಗೆ ನೆನಪೇ ಇರಲಿಲ್ಲ. "ಎಷ್ಟೋ ಮನೇಲಿ ಆಗುತ್ತಮ್ಮ" ಅಂದ್ರು. ನಮ್ಮದೊಂದೇ ಮನೆ ಆಗಿದ್ರೆ ಈ ಒಂಬತ್ತು ಪೋಸ್ಟ್ ಬರೀತಿರಲಿಲ್ಲ.

ನಿಮ್ಮ ಹತ್ರ ನಾನು ಕೇಳೋದು ದೊಡ್ಡದೇನಲ್ಲ. ಈ ಪೋಸ್ಟಿಗೆ ಲೈಕ್ ಕೊಡೋ ಮುಂಚೆ ಎದ್ದು ಹೋಗಿ ನಿಮ್ಮನೆ ಜಾಲರಿ ಎತ್ತಿ ನೋಡಿ. ಗ್ಲೌಸ್ ಹಾಕ್ಕೊಳ್ಳಿ. ಆಮೇಲೆ ಇಷ್ಟು ದಿನ ಅದನ್ನ ಯಾರು ಮಾಡ್ತಿದ್ರು ಅಂತ ಮನೇಲಿ ಕೇಳಿ, ಸಿಕ್ಕ ಉತ್ತರಾನ ಕಾಮೆಂಟಲ್ಲಿ ಬರೀರಿ. ಹೆಸರು ಬೇಡ. "ಅಮ್ಮ" ಅಂತ ಎಷ್ಟು ಬರುತ್ತೆ, "ನಾನು" ಅಂತ ಎಷ್ಟು ಬರುತ್ತೆ ನೋಡೋಣ. ಲೆಕ್ಕ ನಾನು ಇಡ್ತೀನಿ.

ಮುಂದಿನ ಭಾನುವಾರ ಸಿಗೋಣ.